ನೆಲ್ಸನ್ನನ ಕೋಟು

ಭೂಗೋಳದ ತರಗತಿಯಲ್ಲಿ ಭೂಪಟದ ಮೇಲೆ ಬೆರಳಿಟ್ಟು ಸೊನ್ನೆ ರೇಖಾಂಶವನ್ನು ಹುಡುಕದ ವಿದ್ಯಾರ್ಥಿಯು ನಮ್ಮಲ್ಲಿ ಯಾರಿದ್ದಾನೆ? ಆ ರೇಖೆಯು ಹಾಯ್ದುಹೋಗುವ ಗ್ರೀನಿಚ್ ಎಂಬ ಸ್ಥಳವು ಲಂಡನ್ ನಗರಕ್ಕೆ ಸೇರಿದುದು. ಥೇಮ್ಸ್ ನದಿಯ ದಡದಲ್ಲಿದೆ. ಅಲ್ಲಿ ಗುಡ್ಡದ ಮೇಲೆ ಹಳೆಯ ವೇಧಶಾಲೆಯೂ ಗುಡ್ಡದ ಬುಡದಲ್ಲಿ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯವೂ ಇವೆ. ಆ ಸಂಗ್ರಹಾಲಯದಲ್ಲಿ ಹಡಗುಗಳ ಮಾದರಿಗಳು, ನಾವಿಕರ ಉಪಕರಣಗಳು, ಸಮುದ್ರಯುದ್ಧಗಳ ದೊಡ್ಡ ದೊಡ್ಡ ಚಿತ್ರಗಳು ಎಷ್ಟೋ ಇವೆ. ಆದರೆ ಅಲ್ಲಿಯ ಒಂದು ಹಳೆಯ ಕೋಟು ಇವೆಲ್ಲಕ್ಕಿಂತ ಪ್ರಸಿದ್ಧವಾದುದು.

ಅದು ನೀಲಿ ಉಣ್ಣೆಯ ಕೋಟು. ಅದಕ್ಕೆ ಹಿತ್ತಾಳೆಯ ಗುಂಡಿಗಳಿವೆ. ತೋಳುಗಳ ತುದಿಯಲ್ಲಿ ಜರಿಯ ಪಟ್ಟಿಗಳಿವೆ. ಎದೆಯ ಎಡಭಾಗದಲ್ಲಿ ಕಸೂತಿ ಮಾಡಿದ ನಾಲ್ಕು ನಕ್ಷತ್ರಗಳನ್ನು ಹೊಲಿದಿದ್ದಾರೆ. ಎಡಭುಜದ ಮೇಲೆ, ಭುಜಕೀರ್ತಿಯ ಹತ್ತಿರ, ಒಂದು ರಂಧ್ರವುಂಟು. ಎಡತೋಳಿನ ಮೇಲೂ ಕೋಟಿನ ಹಿಂಬದಿಯ ಅಂಚುಗಳಲ್ಲಿಯೂ ಕಂದುಬಣ್ಣದ ಕಲೆಗಳಿವೆ. ಅವು ರಕ್ತದ ಕಲೆಗಳು. ಬಲತೋಳಿನ ತುದಿಯನ್ನು ಗಮನವಿಟ್ಟು ನೋಡಿದರೆ ಅಲ್ಲೊಂದು ಸಣ್ಣ ಕುಣಿಕೆಯು ಕಾಣುತ್ತದೆ. ಬರಿದಾದ ತೋಳನ್ನು ಎದೆಯ ಗುಂಡಿಗೆ ಸಿಕ್ಕಿಸಿಕೊಳ್ಳುವುದಕ್ಕಾಗಿ ಮಾಡಿದ ಕುಣಿಕೆಯದು. ಏಕೆಂದರೆ ಈ ಕೋಟನ್ನು ತೊಟ್ಟವನಿಗೆ ಬಲಗೈ ಇರಲಿಲ್ಲ.

ಅವನೇ ಹೊರೇಷಿಯೋ ನೆಲ್ಸನ್. 1805ನೆಯ ಅಕ್ಟೋಬರ್ 21ರಂದು ಟ್ರಫಾಲ್ಗರ್ ಭೂಶಿರದ ಬಳಿ ನಡೆದ ಸಮುದ್ರಯುದ್ಧದಲ್ಲಿ ಇದೇ ಕೋಟನ್ನು ತೊಟ್ಟು ನಿಂತಿದ್ದಾಗ ಅವನಿಗೆ ಗುಂಡು ತಗಲಿತು. ಇಂಗ್ಲೆಂಡಿನ ಈ ನೌಕಾವೀರನ ಕಥೆಯು ಕನ್ನಡದ ಮಕ್ಕಳಿಗೇಕೆ ಎಂದು ಯಾರಾದರೂ ಕೇಳಿಯಾರು. ನಾವೂ ಮೊದಲು ಹಾಗೆಯೇ ಅಂದುಕೊಂಡೆವು. ಆದರೆ ಅವನ ಚರಿತ್ರೆಯನ್ನು ಓದುತ್ತ ಹೋದಂತೆ ಅದರಲ್ಲಿ ನಮ್ಮ ಈ ಮುಂಬಯಿಯೂ ನಮ್ಮ ಮೈಸೂರಿನ ಹೈದರಾಲಿಯೂ ಎದುರಾದರು.

ನೆಲ್ಸನ್ನನು 1758ನೆಯ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಬರ್ನ್‌ಹ್ಯಾಮ್ ಥಾರ್ಪ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಎಡ್ಮಂಡ್ ನೆಲ್ಸನ್ ಆ ಹಳ್ಳಿಯ ಪಾದ್ರಿ. ಹನ್ನೊಂದು ಮಕ್ಕಳಲ್ಲಿ ಇವನು ಆರನೆಯವನು. ಒಂಬತ್ತನೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ತಾಯಿಯ ತಮ್ಮನಾದ ಮಾರಿಸ್ ಸಕ್ಲಿಂಗನು ನೌಕಾಪಡೆಯಲ್ಲಿ ಕಪ್ತಾನನಾಗಿದ್ದನು. ಸೋದರಮಾವನ ಆಸರೆಯಿಂದ ಹುಡುಗನು 1771ರಲ್ಲಿ ಹಡಗನ್ನು ಸೇರಿದನು. ಆಗ ಅವನಿಗೆ ಹನ್ನೆರಡು ವರ್ಷ. ಎಂದರೆ ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗರ ವಯಸ್ಸು. ಮೈ ಕೃಶವಾದುದು. ಹಡಗು ಹೊಯ್ದಾಡಿದರೆ ಹೊಟ್ಟೆ ತೊಳೆಸಿ ವಾಂತಿಯಾಗುತ್ತಿತ್ತು. ಇದು ಎಳೆತನದ ತೊಂದರೆ ಮಾತ್ರವಲ್ಲ. ನೌಕಾಪಡೆಯ ಅಧಿಪತಿಯಾದ ಮೇಲೂ ಅವನನ್ನು ಬಿಡಲಿಲ್ಲ. ಕಡಲೇ ಒಗ್ಗದ ದೇಹವನ್ನು ಹೊತ್ತುಕೊಂಡು ಮೂವತ್ತನಾಲ್ಕು ವರ್ಷ ಕಡಲಿಗೆ ದುಡಿದವನೆಂಬುದು ನಮಗೆ ಅವನ ಗೆಲುವುಗಳಿಗಿಂತ ಹೆಚ್ಚಿನ ಆಶ್ಚರ್ಯವಾಗಿ ತೋರುತ್ತದೆ.

1773ರಲ್ಲಿ ಉತ್ತರ ಧ್ರುವದ ಕಡೆಗೆ ಹೊರಟ ಹಡಗೊಂದರಲ್ಲಿ ಅವನೂ ಹೋದನು. ಅಲ್ಲಿ ಮಂಜುಗಡ್ಡೆಯ ಮೇಲೆ ಬಿಳಿಯ ಕರಡಿಯೊಂದನ್ನು ಬೆನ್ನಟ್ಟಿ, ಬಂದೂಕು ಹಾರದೆ ಹೋದಾಗ ಅದರ ಹಿಡಿಯಿಂದಲೇ ಹೊಡೆಯಲು ಹೋದನೆಂದೂ, ಕರಡಿಯ ಚರ್ಮವನ್ನು ತಂದೆಗೆ ಒಯ್ಯಬೇಕೆಂಬುದು ಅವನ ಆಸೆಯಾಗಿತ್ತೆಂದೂ ಒಂದು ಕಥೆಯುಂಟು. ಕಪ್ತಾನನಿಂದ ಬೈಗಳು ದೊರೆತುವೇ ಹೊರತು ಕರಡಿ ದೊರೆಯಲಿಲ್ಲ.

ಅದೇ ವರ್ಷದ ಕೊನೆಗೆ ಅವನು ಸೀಹಾರ್ಸ್ ಎಂಬ ಯುದ್ಧನೌಕೆಯನ್ನೇರಿ ಹಿಂದೂಸ್ಥಾನದ ಕಡೆಗೆ ಹೊರಟನು. 1774ರಲ್ಲಿ ಮದರಾಸನ್ನು ಮುಟ್ಟಿದನು. 1775ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಹಣವನ್ನು ಮುಂಬಯಿಗೆ ಸಾಗಿಸುವ ಕೆಲಸವು ಸೀಹಾರ್ಸ್ ನೌಕೆಗೆ ಬಿತ್ತು. ಆ ಕಾಲದಲ್ಲಿ ಮೈಸೂರಿನ ಹೈದರಾಲಿಯು ಪಶ್ಚಿಮದ ಕರಾವಳಿಯಲ್ಲಿ ಸ್ವಂತ ನೌಕಾಬಲವನ್ನು ಕಟ್ಟಿಕೊಂಡಿದ್ದನು. ಫೆಬ್ರವರಿ 19ರಂದು ಹೈದರನ ಎರಡು ಹಡಗುಗಳು ಸೀಹಾರ್ಸ್ ಮೇಲೆ ಬಿದ್ದುವು. ಸ್ವಲ್ಪ ಹೊತ್ತು ಎರಡೂ ಕಡೆಯಿಂದ ಗುಂಡುಗಳು ಹಾರಿದುವು. ಬಳಿಕ ಹೈದರನ ಹಡಗುಗಳು ಹಿಂದೆ ಸರಿದುವು. ಯುದ್ಧವೆಂದರೆ ದೊಡ್ಡ ಮಾತಾಯಿತು, ಚಕಮಕಿಯೆಂದರೆ ಸಾಕು. ಆದರೆ ಹದಿನಾರು ವರ್ಷದ ನೆಲ್ಸನ್ನನು ಶತ್ರುವಿನ ಗುಂಡಿನ ಸದ್ದನ್ನು ಕೇಳಿದುದು ಅದೇ ಮೊದಲು. ಫ್ರೆಂಚರ ಎದುರಿನಲ್ಲಿಯೂ ಅಲ್ಲ, ಸ್ಪೇನಿನವರ ಎದುರಿನಲ್ಲಿಯೂ ಅಲ್ಲ. ಕನ್ನಡ ನಾಡಿನ ದೊರೆಯೊಬ್ಬನ ನಾವಿಕರ ಎದುರಿನಲ್ಲಿ ಅವನ ಯುದ್ಧಜೀವನವು ಆರಂಭವಾಯಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿಯು ನಮಗೆ ಕಂಡುಬಂದಿಲ್ಲ.

ಈ ಕಡಲುಗಳಲ್ಲಿ ತಿರುಗುತ್ತಿರುವಾಗಲೇ ಅವನಿಗೆ ಕಠಿನವಾದ ಜ್ವರ ಬಂದಿತು. ಮಲೇರಿಯಾ ಆಗಿದ್ದಿರಬೇಕೆಂದು ಈಗಿನವರು ಊಹಿಸುತ್ತಾರೆ. ಮೈಯಲ್ಲಿ ಎಲುಬು ಚರ್ಮ ಮಾತ್ರ ಉಳಿದ ಹುಡುಗನನ್ನು 1776ನೆಯ ಮಾರ್ಚ್ 23ರಂದು ಮುಂಬಯಿಯಿಂದ ಡಾಲ್ಫಿನ್ ಎಂಬ ಹಡಗಿನಲ್ಲಿ ತಾಯ್ನಾಡಿಗೆ ಕಳುಹಿಸಿದರು. ಆರು ತಿಂಗಳ ಪ್ರಯಾಣ. ದಾರಿಯಲ್ಲಿ ಬದುಕುವ ಆಸೆಯೇ ಬತ್ತಿಹೋಗಿತ್ತೆಂದೂ, ಒಂದು ದಿನ ಇದ್ದಕ್ಕಿದ್ದಂತೆ ಮನಸ್ಸು ತಿಳಿಯಾಗಿ ದೇಶಕ್ಕಾಗಿ ಏನನ್ನಾದರೂ ಸಾಧಿಸಿಯೇ ತೀರಬೇಕೆಂಬ ಛಲವು ಹುಟ್ಟಿತೆಂದೂ ಅವನು ಮುಂದೆ ನೆನೆದುಕೊಂಡದ್ದುಂಟು. ನಾವು ದಿನವೂ ನೋಡುವ ಈ ಬಂದರಿನ ನೀರಿನ ಮೇಲಿಂದ ಹದಿನೇಳು ವರ್ಷದ ಆ ರೋಗಿಯು ಹಾದುಹೋದನು.

ಮುಂದಿನ ಹದಿನೆಂಟು ವರ್ಷಗಳ ಕಥೆಯನ್ನು ಬೇಗ ಹೇಳಿಬಿಡಬಹುದು. ಇಪ್ಪತ್ತನೆಯ ವಯಸ್ಸಿನಲ್ಲಿಯೇ ಕಪ್ತಾನನಾದನು. 1787ರಲ್ಲಿ ವೆಸ್ಟ್ ಇಂಡೀಸಿನ ನೆವಿಸ್ ದ್ವೀಪದಲ್ಲಿ ಫ್ರಾನ್ಸೆಸ್ ನಿಸ್ಬೆಟ್ ಎಂಬ ವಿಧವೆಯನ್ನು ಮದುವೆಯಾದನು. ಆಮೇಲೆ ಯುದ್ಧವಿಲ್ಲದ್ದರಿಂದ ಕೆಲಸವೂ ಇಲ್ಲದೆ, ಅರ್ಧ ಸಂಬಳದ ಮೇಲೆ ಐದು ವರ್ಷ ಹುಟ್ಟೂರಿನಲ್ಲಿ ಕುಳಿತನು. 1793ರಲ್ಲಿ ಫ್ರಾನ್ಸಿನೊಡನೆ ಯುದ್ಧವು ಹೊತ್ತಿಕೊಂಡಾಗ ಅವನಿಗೆ ಮತ್ತೆ ಹಡಗು ದೊರೆಯಿತು. ಮರುವರ್ಷ ಕಾರ್ಸಿಕಾ ದ್ವೀಪದ ಕಾಲ್ವಿಯ ಮುತ್ತಿಗೆಯಲ್ಲಿ ಶತ್ರುಗಳ ತೋಪಿನ ಗುಂಡು ನೆಲಕ್ಕೆ ಅಪ್ಪಳಿಸಿ, ಸಿಡಿದ ಮರಳು ಹರಳುಗಳು ಅವನ ಬಲಗಣ್ಣಿಗೆ ಹೊಡೆದುವು. ಕಣ್ಣು ಉಳಿಯಿತು, ದೃಷ್ಟಿ ಹೋಯಿತು. ಅಗ್ಗದ ಚಿತ್ರಗಳಲ್ಲಿ ಅವನ ಒಂದು ಕಣ್ಣಿಗೆ ಕರಿಯ ಪಟ್ಟಿಯನ್ನು ಕಟ್ಟಿ ತೋರಿಸುವುದುಂಟು. ಅದು ಶುದ್ಧ ಸುಳ್ಳು. ಅವನು ಪಟ್ಟಿಯನ್ನು ಕಟ್ಟಿಕೊಂಡದ್ದೇ ಇಲ್ಲ. ಬಿಸಿಲಿನ ಝಳವು ಕಾಣುವ ಕಣ್ಣನ್ನು ನೋಯಿಸದಿರಲೆಂದು ಟೋಪಿಗೆ ಹಸಿರು ಬಟ್ಟೆಯ ಮರೆಯೊಂದನ್ನು ಹೊಲಿಸಿಕೊಂಡಿದ್ದನು, ಅಷ್ಟೆ.

ಕೋಟಿನ ಬಲತೋಳು ಬರಿದಾದುದು 1797ರ ಜುಲೈ ತಿಂಗಳಲ್ಲಿ. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪವನ್ನು ರಾತ್ರಿಯ ಕತ್ತಲಲ್ಲಿ ಹಿಡಿಯಹೋಗಿ ನೆಲ್ಸನ್ನನು ಸೋತನು. ದೋಣಿಯಿಂದ ಕಾಲಿಳಿಸುತ್ತಿರುವಾಗಲೇ ಮೊಣಕೈಯ ಮೇಲ್ಭಾಗವು ಗುಂಡಿನಿಂದ ನುಚ್ಚುನೂರಾಯಿತು. ಮಲಮಗನಾದ ಜೊಸಾಯನು ಬಟ್ಟೆಯಿಂದ ತೋಳನ್ನು ಬಿಗಿಯಾಗಿ ಕಟ್ಟದಿದ್ದರೆ ಅಲ್ಲಿಯೇ ರಕ್ತ ಸೋರಿ ಸಾಯುತ್ತಿದ್ದನು. ಹಡಗಿಗೆ ತಂದು ತೋಳನ್ನು ಕತ್ತರಿಸಿದರು. ಪ್ರಜ್ಞೆ ತಪ್ಪಿಸುವ ಔಷಧಗಳು ಆಗ ಇರಲಿಲ್ಲವೆಂಬುದನ್ನು ನಾವು ನೆನೆಯಬೇಕು. ಅರ್ಧ ಗಂಟೆಯೊಳಗೆ ಅವನು ಮತ್ತೆ ಆಜ್ಞೆಗಳನ್ನು ಕೊಡತೊಡಗಿದ್ದನಂತೆ. ಎರಡು ಮೂರು ದಿನಗಳಲ್ಲಿ ಎಡಗೈಯಿಂದ ಬರೆಯಲು ಆರಂಭಿಸಿದನು. ಅವನ ಕಾಗದಗಳು ಇಂದಿಗೂ ಉಳಿದಿವೆ. ಬಲಗೈಯ ಓರಣವಾದ ಅಕ್ಷರಗಳು ಎಲ್ಲಿ ಮುಗಿದುವು, ಎಡಗೈಯ ಸೊಟ್ಟ ಅಕ್ಷರಗಳು ಎಲ್ಲಿ ಮೊದಲಾದುವು ಎಂಬುದು ಚಿಕ್ಕ ಮಕ್ಕಳಿಗೂ ತಿಳಿಯುವಂತಿದೆ. ಕೈ ಹೋದವನನ್ನು ಇನ್ನಾರೂ ಕೆಲಸಕ್ಕೆ ಕರೆಯರೆಂದು ಅವನು ಹತಾಶನಾಗಿದ್ದನು. ಒಂದೇ ವರ್ಷದಲ್ಲಿ ಆ ಭಯವು ಹುಸಿಯಾಯಿತು.

1798ರಲ್ಲಿ ನೆಪೋಲಿಯನ್ನನು ದೊಡ್ಡ ಸೈನ್ಯದೊಡನೆ ಈಜಿಪ್ಟಿಗೆ ಬಂದಿಳಿದನು. ಅದೇ ವರ್ಷದ ಆರಂಭದಲ್ಲಿ ನಮ್ಮ ಟಿಪ್ಪು ಸುಲ್ತಾನನ ದೂತರು ಮಾರಿಷಸ್ ದ್ವೀಪಕ್ಕೆ ಹೋಗಿ ಫ್ರೆಂಚರ ನೆರವನ್ನು ಬೇಡಿದ್ದರು. ಈಜಿಪ್ಟಿನ ಸುದ್ದಿಯನ್ನು ಕೇಳಿ ಕಂಪೆನಿಯವರಿಗೆ ನಿದ್ದೆ ಹತ್ತದಂತಾಯಿತು. ಫ್ರೆಂಚರು ಕೆಂಪು ಸಮುದ್ರವನ್ನು ದಾಟಿ ಟಿಪ್ಪುವನ್ನು ಕೂಡಿಕೊಂಡರೆ ಗತಿಯೇನೆಂಬುದು ಅವರ ಭೀತಿ. ಆಗಸ್ಟ್ 1ರಂದು ನೆಲ್ಸನ್ನನು ಅಬುಕೀರ್ ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಫ್ರೆಂಚ್ ನೌಕಾಬಲವನ್ನು ಸಂಜೆಯ ಹೊತ್ತಿನಲ್ಲಿ ಮುತ್ತಿದನು. ಬೆಳಗಾಗುವಷ್ಟರಲ್ಲಿ ಫ್ರೆಂಚರ ಗತಿಯು ಮುಗಿದಂತಾಗಿತ್ತು. ಹದಿಮೂರು ದೊಡ್ಡ ಯುದ್ಧನೌಕೆಗಳಲ್ಲಿ ತಪ್ಪಿಸಿಕೊಂಡು ಹೋದುವು ಎರಡೇ; ಉಳಿದ ಹನ್ನೊಂದು ಸೆರೆಯಾದುವು ಅಥವಾ ಸುಟ್ಟುಹೋದುವು. ಇದು ನೈಲ್ ಯುದ್ಧವೆಂದು ಹೆಸರಾಗಿದೆ. ನೆಲ್ಸನ್ನನು ಈ ಸಮಾಚಾರವನ್ನು ಲಂಡನ್ನಿಗೆ ಕಳುಹಿಸಿ ಸುಮ್ಮನಾಗಲಿಲ್ಲ. ಡ್ಯುವಾಲ್ ಎಂಬ ತನ್ನ ಅಧಿಕಾರಿಯನ್ನು ಅಲೆಪ್ಪೊ, ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಮುಂಬಯಿಯ ಗವರ್ನರ್ ಜೋನಾಥನ್ ಡಂಕನ್ನನಲ್ಲಿಗೂ ಓಡಿಸಿದನು. ಆ ಪತ್ರದ ಬೆಲೆ ಕಂಪೆನಿಗೆ ಗೊತ್ತಿತ್ತು. ಅದು ನೆಲ್ಸನ್ನನಿಗೆ 10,000 ಪೌಂಡುಗಳ ಕಾಣಿಕೆಯನ್ನು ಕೊಟ್ಟಿತು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು, ಟಿಪ್ಪು ಮಡಿದನು. ಶ್ರೀರಂಗಪಟ್ಟಣದ ಪತನಕ್ಕೆ ಬೇರೆ ಕಾರಣಗಳೂ ಹಲವಿವೆ. ಆದರೂ ಕಡಲ ಮಾರ್ಗವಾಗಿ ನೆರವು ಬಂದೀತೆಂಬ ಟಿಪ್ಪುವಿನ ಆಸೆಯು ಮೊದಲು ಮುಳುಗಿದುದು ಅಬುಕೀರಿನ ನೀರಿನಲ್ಲಿ. ಆದುದರಿಂದ ಈ ಕೋಟನ್ನು ಒಬ್ಬ ಇಂಗ್ಲಿಷ್ ಬಾಲಕನು ನೋಡುವ ಕಣ್ಣು ಬೇರೆ, ನಾವು ನೋಡುವ ಕಣ್ಣು ಬೇರೆ. ಹಾಗೆ ಆಗುವುದು ಸಹಜವೇ.

ಎದೆಯ ಮೇಲಿನ ನಾಲ್ಕು ನಕ್ಷತ್ರಗಳ ಮಾತನ್ನು ಈಗ ಹೇಳಬೇಕು. ಒಂದು ಇಂಗ್ಲೆಂಡಿನ ಬಾತ್ ಪದವಿಯದು. ಇನ್ನೊಂದು ತುರ್ಕಿಯ ಸುಲ್ತಾನನಾದ ಮೂರನೆಯ ಸೆಲೀಮನು ನೈಲ್ ಯುದ್ಧದ ಗೆಲುವಿಗಾಗಿ ಕೊಟ್ಟ ಅರ್ಧಚಂದ್ರದ ಪದವಿಯದು. ಮೂರನೆಯದು ನೇಪಲ್ಸಿನ ಅರಸನು ಕೊಟ್ಟುದು. ನಾಲ್ಕನೆಯದು ಜರ್ಮನಿಯ ಸಂತ ಯೋಆಕಿಮನ ಹೆಸರಿನದು. ಇವುಗಳಲ್ಲಿ ನೇಪಲ್ಸಿನ ನಕ್ಷತ್ರವು ಎಲ್ಲಕ್ಕಿಂತ ಮಸುಕಾದುದೆಂದು ನಮ್ಮ ಅಭಿಪ್ರಾಯ. 1799ರಲ್ಲಿ ಅಲ್ಲಿಯ ಪ್ರಜೆಗಳಲ್ಲಿ ಹಲವರು ಅರಸನ ವಿರುದ್ಧ ಎದ್ದು ಪ್ರಜಾರಾಜ್ಯವನ್ನು ಸ್ಥಾಪಿಸಿದ್ದರು. ನೆಲ್ಸನ್ನನು ಅರಸನ ಪಕ್ಷವನ್ನು ವಹಿಸಿ, ಬಂಡುಗಾರರಿಗೆ ಮೊದಲು ಕೊಟ್ಟಿದ್ದ ಅಭಯವನ್ನು ಒಪ್ಪದೆ, ಅವರ ನೌಕಾನಾಯಕನಾದ ಕರಚ್ಚೊಲೋ ಎಂಬವನನ್ನು ಅವಸರದಿಂದ ವಿಚಾರಣೆ ಮಾಡಿಸಿ ಅದೇ ದಿನ ಹಡಗಿನ ಮರಕ್ಕೆ ನೇಣು ಹಾಕಿಸಿದನು. ಅವನ ನಾಡಿನವರಲ್ಲಿಯೇ ಎಷ್ಟೋ ಮಂದಿ ಇದನ್ನು ಕಳಂಕವೆಂದೇ ಎಣಿಸಿದ್ದಾರೆ. ವೆಸ್ಟ್ ಇಂಡೀಸಿನ ತೋಟಗಾರರ ಸ್ನೇಹದಲ್ಲಿ ಬಿದ್ದು, ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದವರನ್ನು ಅವನು ವಿರೋಧಿಸಿದುದೂ ಉಂಟು. ಶೂರರ ಚರಿತ್ರೆಯನ್ನು ಬರೆಯುವವರು ಇಂತಹವನ್ನು ಮರೆಮಾಚುವುದು ವಾಡಿಕೆ. ನಮಗೆ ಅದು ಸರಿಯೆಂದು ತೋರಲಿಲ್ಲ.

1801ರಲ್ಲಿ ಕೋಪನ್‌ಹೇಗನ್ನಿನ ಯುದ್ಧ. ಹಿಂದೆ ಸರಿಯಬೇಕೆಂದು ಮೇಲಧಿಕಾರಿಯು ಧ್ವಜದ ಸಂಜ್ಞೆಯನ್ನು ಮಾಡಿದಾಗ ನೆಲ್ಸನ್ನನು ದೂರದರ್ಶಕವನ್ನು ಕುರುಡು ಕಣ್ಣಿಗೆ ಹಿಡಿದು, ಸಂಜ್ಞೆಯೇ ಕಾಣದೆಂದು ಹೇಳಿ ಕಾದಿ ಗೆದ್ದನೆಂಬುದು ಬಹು ಪ್ರಸಿದ್ಧವಾದ ಕಥೆ. ಸೋತಿದ್ದರೆ ಅದೇ ಕಥೆಯು ಅಪರಾಧವಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಈಗ ಟ್ರಫಾಲ್ಗರ್. 1805ರಲ್ಲಿ ಫ್ರೆಂಚರೂ ಸ್ಪೇನಿನವರೂ ಕೂಡಿ 33 ಯುದ್ಧನೌಕೆಗಳನ್ನು ಕಡಲಿಗಿಳಿಸಿದ್ದರು. ನೆಲ್ಸನ್ನನ ಬಳಿ ಇದ್ದುವು 27. ಆ ಕಾಲದ ಪದ್ಧತಿಯಂತೆ ಎರಡೂ ಪಕ್ಷದ ಹಡಗುಗಳು ಸಾಲುಗಟ್ಟಿ ಒಂದಕ್ಕೊಂದು ಸಮಾನಾಂತರವಾಗಿ ನಿಂತು ತೋಪು ಹಾರಿಸಬೇಕು. ನೆಲ್ಸನ್ನನು ಆ ಪದ್ಧತಿಯನ್ನು ಬಿಟ್ಟು, ತನ್ನ ಹಡಗುಗಳನ್ನು ಎರಡು ಸಾಲು ಮಾಡಿ, ಶತ್ರುವಿನ ಸಾಲಿಗೆ ಅಡ್ಡಲಾಗಿ ನುಗ್ಗಿಸಿ ಅದನ್ನು ತುಂಡರಿಸಿದನು. ನುಗ್ಗುವಾಗ ಮುಂದಿನ ಹಡಗುಗಳು ಪೆಟ್ಟು ತಿನ್ನಬೇಕು, ಮರಳಿ ಹೊಡೆಯಲು ಆಗದು. ಮುಂದಿದ್ದ ಹಡಗುಗಳಲ್ಲಿ ಅವನದೇ ಆದ ವಿಕ್ಟರಿಯೂ ಒಂದು.

ಆ ದಿನ ಅವನು ಹಬ್ಬದ ಉಡುಪನ್ನು ತೊಟ್ಟು, ಪದಕಗಳನ್ನು ಹೊಳೆಯಿಸುತ್ತ, ಸಾವನ್ನು ತಾನಾಗಿ ಕರೆದುಕೊಂಡನೆಂದು ಬಹಳ ಜನ ಬರೆದಿದ್ದಾರೆ. ಗ್ರೀನಿಚ್ಚಿನ ಕೋಟು ಈ ಮಾತನ್ನು ಒಪ್ಪುವುದಿಲ್ಲ. ನೌಕಾಧಿಪತಿಗಳಿಗೆ ಸಮಾರಂಭದ ಕೋಟು ಬೇರೆ, ನಿತ್ಯದ ಕೋಟು ಬೇರೆ, ಇದು ನಿತ್ಯದ್ದು. ನಕ್ಷತ್ರಗಳೂ ಲೋಹದವಲ್ಲ, ಬಟ್ಟೆಯ ಮೇಲೆ ಕಸೂತಿ ಮಾಡಿದವು. ಅವನ್ನು ಕೋಟಿಗೇ ಹೊಲಿದಿದ್ದುದರಿಂದ ದಿನವೂ ಮೈಮೇಲೆಯೇ ಇರುತ್ತಿದ್ದುವು. ಅವು ಶತ್ರುವಿನ ಕಣ್ಣಿಗೆ ಬಿದ್ದಾವೆಂದು ವಿಕ್ಟರಿಯ ಕಪ್ತಾನನಾದ ಹಾರ್ಡಿಯು ಎಚ್ಚರಿಸಿದುದುಂಟೆಂದೂ, ಕೋಟನ್ನು ಬದಲಾಯಿಸುವ ಹೊತ್ತು ಮೀರಿತೆಂದು ನೆಲ್ಸನ್ನನು ಸುಮ್ಮನಾದನೆಂದೂ ಹೇಳುತ್ತಾರೆ. ಎಂದಿನಂತೆ ಎದ್ದು, ಎಂದಿನ ಕೋಟನ್ನು ತೊಟ್ಟು, ಕೆಲಸಕ್ಕೆ ನಿಂತವನು ಅವನು. ನಮಗೆ ಇದೇ ಹೆಚ್ಚು ಮೆಚ್ಚುಗೆಯಾಗುತ್ತದೆ.

ಯುದ್ಧವು ಆರಂಭವಾದ ಸ್ವಲ್ಪ ಹೊತ್ತಿಗೇ ಅವನ ಕಾರ್ಯದರ್ಶಿಯಾದ ಜಾನ್ ಸ್ಕಾಟನು ಹಡಗಿನ ಅಟ್ಟದ ಮೇಲೆ ತೋಪಿನ ಗುಂಡಿಗೆ ಬಲಿಯಾದನು. ವಿಕ್ಟರಿಯು ರದೂತಾಬ್ಲ್ ಎಂಬ ಫ್ರೆಂಚ್ ಹಡಗಿಗೆ ಒತ್ತಿಕೊಂಡು ನಿಂತಿತು. ಆ ಹಡಗಿನ ಕಂಬದ ಮೇಲಿನ ಅಟ್ಟಣೆಗಳಲ್ಲಿ ಬಂದೂಕುಗಾರರು ಕುಳಿತಿದ್ದರು. ಮಧ್ಯಾಹ್ನ ಸುಮಾರು ಒಂದೂಕಾಲು ಗಂಟೆಗೆ ಮೇಲಿನಿಂದ ಹಾರಿದ ಗುಂಡೊಂದು ನೆಲ್ಸನ್ನನ ಎಡಭುಜವನ್ನು ಹೊಕ್ಕು, ಶ್ವಾಸಕೋಶವನ್ನು ಸೀಳಿ, ಬೆನ್ನೆಲುಬಿನಲ್ಲಿ ನಾಟಿತು. ದಟ್ಟವಾದ ಹೊಗೆಯಲ್ಲಿ ಆ ಬಂದೂಕುಗಾರನು ನಕ್ಷತ್ರಗಳನ್ನು ನೋಡಿ ಗುರಿಯಿಟ್ಟನೆಂದು ಯಾರೂ ಖಚಿತವಾಗಿ ಹೇಳಲಾರರು. ನೆಲ್ಸನ್ನನು ಬಿದ್ದುದು ಸ್ಕಾಟನು ಸತ್ತ ಜಾಗದಲ್ಲಿಯೇ. ಅಲ್ಲಿಯ ರಕ್ತವು ಅವನ ಉಡುಪಿಗೆಲ್ಲ ಮೆತ್ತಿಕೊಂಡಿತು. ಆದುದರಿಂದ ಕೋಟಿನ ತೋಳಿನ ಮೇಲೂ ಅಂಚುಗಳಲ್ಲಿಯೂ ಇಂದು ಕಾಣುವ ಕಲೆಗಳು ನಾಯಕನ ರಕ್ತವಲ್ಲ, ಅವನ ಕಾರ್ಯದರ್ಶಿಯ ರಕ್ತವಿರಬಹುದೆಂದು ಸಂಗ್ರಹಾಲಯದವರು ಭಾವಿಸುತ್ತಾರೆ. ಇಂಗ್ಲೆಂಡಿನ ಜನರು ತಲೆಬಾಗಿ ನೋಡುವ ಆ ಕಲೆಯು ಹೆಸರು ಮರೆತುಹೋದ ಒಬ್ಬ ಲೆಕ್ಕಪತ್ರದವನದಾಗಿದ್ದರೆ ಅದೂ ನ್ಯಾಯವೇ. ವಿಕ್ಟರಿಯೊಂದರಲ್ಲಿಯೇ ಆ ದಿನ 57 ಜನ ಸತ್ತರು.

ಕೆಳಗೆ ಹೊತ್ತುಕೊಂಡು ಹೋಗುವಾಗ ನೆಲ್ಸನ್ನನು ಕರವಸ್ತ್ರದಿಂದ ತನ್ನ ಮುಖವನ್ನೂ ನಕ್ಷತ್ರಗಳನ್ನೂ ಮುಚ್ಚಿಕೊಂಡನು. ಬಿದ್ದವನು ತಾನೆಂದು ತಿಳಿದರೆ ನಾವಿಕರ ಧೈರ್ಯ ಕುಂದೀತೆಂಬುದು ಅವನ ಅಂಜಿಕೆ. ಶಸ್ತ್ರವೈದ್ಯನಾದ ಬೀಟಿಯು ಬಂದಾಗ, ತನಗೆ ಇನ್ನು ಮಾಡಬಹುದಾದುದು ಏನೂ ಇಲ್ಲವೆಂದೂ ಬದುಕುವವರನ್ನು ನೋಡಿಕೊಳ್ಳಬೇಕೆಂದೂ ಹೇಳಿ ಅವನನ್ನು ಕಳುಹಿಸಿದನು. ಹಾರ್ಡಿಯು ಬಂದು ಗೆಲುವಿನ ಸುದ್ದಿಯನ್ನು ತಿಳಿಸಿ, ಮೊಣಕಾಲೂರಿ ಅವನ ಕೆನ್ನೆಗೆ ಮುತ್ತಿಟ್ಟನು. ನಾಲ್ಕೂವರೆ ಗಂಟೆಯ ಸುಮಾರಿಗೆ ಪ್ರಾಣ ಹೋಯಿತು. ಶತ್ರುಗಳ 18 ಹಡಗುಗಳು ಸೆರೆಯಾಗಿ ಅಥವಾ ನಾಶವಾಗಿ ಹೋಗಿದ್ದುವು. ಇಂಗ್ಲಿಷರದು ಒಂದೂ ಹೋಗಲಿಲ್ಲ. ಬೀಟಿಯು ಆಮೇಲೆ ದೇಹದಿಂದ ಹೊರತೆಗೆದ ಗುಂಡಿಗೆ ಭುಜಕೀರ್ತಿಯ ಜರಿಯ ಎಳೆಗಳು ಅಂಟಿಕೊಂಡಿದ್ದುವು. ಆ ಗುಂಡು ಈಗ ವಿಂಡ್ಸರ್ ಅರಮನೆಯಲ್ಲಿದೆ.

ದೇಹವನ್ನು ಬ್ರಾಂದಿಯ ಪೀಪಾಯಿಯಲ್ಲಿಟ್ಟು ಇಂಗ್ಲೆಂಡಿಗೆ ತಂದರು. 1806ರ ಜನವರಿಯಲ್ಲಿ ಅದನ್ನು ಗ್ರೀನಿಚ್ಚಿನ ನಾವಿಕರ ಆಸ್ಪತ್ರೆಯ ಚಿತ್ರಶಾಲೆಯಲ್ಲಿ ಸಾರ್ವಜನಿಕರ ದರ್ಶನಕ್ಕಿಟ್ಟು, 9ರಂದು ಸಂತ ಪಾಲರ ದೇವಾಲಯದಲ್ಲಿ ಹೂಳಿದರು. ಕೋಟು ಬೇರೆ ದಾರಿಯನ್ನು ಹಿಡಿಯಿತು. ನೆಲ್ಸನ್ನನು ಬದುಕಿನ ಕೊನೆಯ ವರ್ಷಗಳಲ್ಲಿ ಕೈಹಿಡಿದ ಹೆಂಡತಿಯನ್ನು ತೊರೆದು ಎಮ್ಮಾ ಹ್ಯಾಮಿಲ್ಟನ್ ಎಂಬಾಕೆಯೊಡನೆ ಇದ್ದನು. ಅವರಿಗೆ ಹೊರೇಷಿಯಾ ಎಂಬ ಮಗಳಿದ್ದಳು. ಯುದ್ಧದ ದಿನ ಬೆಳಗ್ಗೆ ಅವನು ತನ್ನ ಮರಣಶಾಸನಕ್ಕೆ ಕೆಲವು ಸಾಲುಗಳನ್ನು ಸೇರಿಸಿ, ಇವರಿಬ್ಬರನ್ನೂ ರಾಷ್ಟ್ರವು ಕಾಪಾಡಬೇಕೆಂದು ಬೇಡಿಕೊಂಡಿದ್ದನು. ರಾಷ್ಟ್ರವು ಅವನ ಅಣ್ಣನಿಗೆ ಅರ್ಲ್ ಪದವಿಯನ್ನೂ ವರ್ಷಕ್ಕೆ 5,000 ಪೌಂಡುಗಳನ್ನೂ ಕೊಟ್ಟಿತು. ವಿಧವೆಗೆ ವರ್ಷಕ್ಕೆ 2,000 ಪೌಂಡುಗಳನ್ನು ಕೊಟ್ಟಿತು. ಅವನು ಬೇಡಿಕೊಂಡವರಿಗೆ ಏನನ್ನೂ ಕೊಡಲಿಲ್ಲ. ಕೋಟು ಎಮ್ಮಾಳ ಬಳಿ ಇತ್ತು. ಅವಳು ದುಂದುಗಾರ್ತಿಯೂ ಹೌದು. ಸಾಲಕ್ಕಾಗಿ ಸೆರೆಗೆ ಹೋದಳು. ಬಿಡಿಸಲು ನೆರವಾದ ಜೋಷುವಾ ಸ್ಮಿತ್ ಎಂಬ ಲಂಡನ್ ನಗರಸಭೆಯ ಸದಸ್ಯನ ಕೈಗೆ ಸಾಲದ ಬಾಬ್ತಿನಲ್ಲಿ ಕೋಟು ಸೇರಿತು. ಎಮ್ಮಾ 1815ರ ಜನವರಿಯಲ್ಲಿ ಫ್ರಾನ್ಸಿನ ಕಲೇ ಪಟ್ಟಣದಲ್ಲಿ ಬಡತನದಲ್ಲಿ ತೀರಿಕೊಂಡಳು.

ಸ್ಮಿತ್ತನ ಮನೆಯಲ್ಲಿ ಕೋಟು ಮೂವತ್ತು ವರ್ಷ ಮಡಿಸಿದಂತೆಯೇ ಇದ್ದಿತು. ನೆಲ್ಸನ್ನನ ಪತ್ರಗಳನ್ನು ಸಂಪಾದಿಸುತ್ತಿದ್ದ ನಿಕೋಲಸ್ ಎಂಬ ವಿದ್ವಾಂಸನು ಅದರ ಜಾಡನ್ನು ಹಿಡಿದನು. 1845ರಲ್ಲಿ ವಿಕ್ಟೋರಿಯಾ ರಾಣಿಯ ಪತಿಯಾದ ಆಲ್ಬರ್ಟನು ಸ್ಮಿತ್ತನ ವಿಧವೆಗೆ 150 ಪೌಂಡುಗಳನ್ನು ಕೊಟ್ಟು ಕೋಟನ್ನು ಕೊಂಡು, ಗ್ರೀನಿಚ್ಚಿನ ಅದೇ ಆಸ್ಪತ್ರೆಗೆ ಒಪ್ಪಿಸಿದನು. 1937ರಲ್ಲಿ ವಸ್ತುಸಂಗ್ರಹಾಲಯವು ತೆರೆದ ಮೇಲೆ ಅದು ಅಲ್ಲಿಗೆ ಬಂದಿತು. ಆಲ್ಬರ್ಟನು ಕೋಟನ್ನು ಕೊಂಡಾಗ ಹೊರೇಷಿಯಾ ಬದುಕಿದ್ದಳು. ಒಬ್ಬ ಪಾದ್ರಿಯನ್ನು ಮದುವೆಯಾಗಿ, ಬಹು ಮಕ್ಕಳ ತಾಯಿಯಾಗಿ, ಸಂಸಾರವನ್ನು ನಡೆಸುತ್ತಿದ್ದಳು. ನೆಲ್ಸನ್ನನ ಮಗಳೆಂದು ಹೇಳಿಕೊಳ್ಳಲು ಅವಳಿಗೆ ಹೆಮ್ಮೆಯಿತ್ತು. ಎಮ್ಮಾಳನ್ನು ತಾಯಿಯೆಂದು ಮಾತ್ರ ಅವಳು ಕೊನೆಯವರೆಗೂ ಒಪ್ಪಲಿಲ್ಲ. 1881ರಲ್ಲಿ ತೀರಿಕೊಂಡಳು.